ಉಪ್ಪು ಹಾಕಿದ್ದೇ ಹಾಕಿದ್ದು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಹೈಡ್ರೋಜನ್ ಬರುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಪಾಠ ನಿಜಕ್ಕೂ ನಡೆಯುವ ಡಬ್ಬಿಯೊಂದು ಕೈಗೆ ಸಿಕ್ಕಾಗ ಮಾಡಿದ್ದೇನು? ಮೂರು ಚೀಲ ಉಪ್ಪು ದಂಡ.

ನಂದಿಬೆಟ್ಟದ ತಪ್ಪಲಲ್ಲಿ ನನ್ನ ಬಾಮೈದನದು ಒಂದು ದ್ರಾಕ್ಷಿ ತೋಟ ಇದೆ. ಅರ್ಧ ತೋಟ ತೆಗೆಸಿ ನಾಲ್ಕು ರೂಮು ಕಟ್ಟಿ ಹೋಮ್‌ಸ್ಟೇ ಮಾಡಿದ್ದಾನೆ. ಬೆಂಗಳೂರಿನವರು ಬರಬೇಕಲ್ಲ, ಒಂದು ಈಜುಕೊಳವೂ ಇದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಹೆಚ್ಚೂಕಮ್ಮಿ 65 ಸಾವಿರ ಲೀಟರ್ ನೀರು. ಬೋರು ಸಾವಿರ ಅಡಿ ದಾಟಿರುವ ಈ ಸೀಮೆಯಲ್ಲಿ ಅಷ್ಟು ನೀರನ್ನು ಕಾಲಾಡಿಸೋಕೆ ಇಟ್ಟುಕೊಳ್ಳೋದು ನನಗೆ ಮೊದಲಿಂದಲೂ ಸರಿ ಬಂದಿಲ್ಲ. ಅದನ್ನು ಅವನಿಗೆ ಹೇಳಿದ್ದೂ ಆಗಿದೆ, ಅವನು ನಕ್ಕಿದ್ದೂ ಆಗಿದೆ.

ಡಿಸೆಂಬರಿನಲ್ಲಿ ಅವನು ಮಾಲೆ ಹಾಕಿ ಶಬರಿಮಲೆಗೆ ಹೊರಟ. ಒಂದು ವಾರ ತೋಟ ನೋಡಿಕೊಳ್ಳಿ ಭಾವ, ಶನಿವಾರ ಗೆಸ್ಟ್ ಇದ್ದಾರೆ, ಅಂದ. ಕೊಳದ ಬಗ್ಗೆ ಹೇಳಿದ್ದು ಒಂದೇ ಮಾತು: 'ಉಪ್ಪುನೀರಿನ ಪೂಲು, ಅದೇ ಕ್ಲೋರಿನ್ ಮಾಡ್ಕೊಳ್ಳುತ್ತೆ, ನೀವೇನೂ ಮಾಡೋದು ಬೇಡ.'

ಉಪ್ಪುನೀರು ಅಂದರೆ ಸಮುದ್ರದ ನೀರಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇದರಲ್ಲಿ 3 ಗ್ರಾಂ ಚಿಲ್ಲರೆ, ನಮ್ಮ ಕಣ್ಣೀರಿಗಿಂತಲೂ ಸಪ್ಪೆ. ಪಂಪಿನಿಂದ ಬರುವ ನೀರು ಒಂದು ಪಾರದರ್ಶಕ ಕೊಳವೆಯೊಳಗೆ ಟೈಟಾನಿಯಂ ತಗಡುಗಳ ನಡುವೆ ಹಾದುಹೋಗುತ್ತದೆ. ಆ ಕೊಳವೆಗೆ ಸೆಲ್ ಅನ್ನುತ್ತಾರೆ. ಅಲ್ಲಿ ಹುಟ್ಟಿದ ಕ್ಲೋರಿನ್ ನೀರಿನ ಕೊಳೆ ಕೊಂದು, ಕೊನೆಗೆ ಮತ್ತೆ ಉಪ್ಪಿಗೇ ಸೇರುತ್ತದೆ. ಅಂದರೆ ಉಪ್ಪು ಖರ್ಚೇ ಆಗೋದಿಲ್ಲ. ಬಿಸಿಲಿಗೆ ಆರಿ ಹೋಗೋದೂ ನೀರು ಮಾತ್ರ. ಈ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ ಅನ್ನೋದೇ ಈ ಕತೆ.

ಎರಡನೇ ದಿನ ಬೆಳಿಗ್ಗೆ ಮಂಜು ಇನ್ನೂ ಬೆಟ್ಟ ಬಿಟ್ಟು ಎದ್ದಿರಲಿಲ್ಲ. ತೋಟದ ಹುಡುಗ ಓಡಿ ಬಂದ. 'ಸಾರ್, ಮಿಷನ್ನಲ್ಲಿ ಕೆಂಪು ಲೈಟು.' ಹೋಗಿ ನೋಡಿದರೆ 'ಉಪ್ಪು ಕಮ್ಮಿ' ಅನ್ನೋ ದೀಪ. ಮಿಷನ್ ಹಾಕಿಸಿದ ಕಡೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. 'ಉಪ್ಪು ಹಾಕಿ ಸರ್, ಎರಡು ಚೀಲ.' ಚಿಕ್ಕಬಳ್ಳಾಪುರಕ್ಕೆ ಹೋಗಿ 50 ಕೆಜಿಯ ಎರಡು ಚೀಲ ಕಲ್ಲುಪ್ಪು ತಂದು ಸುರಿದೆವು. ಅಯೋಡಿನ್ ಸೇರಿಸಿದ ಉಪ್ಪು ಆಗೋದಿಲ್ಲ ಅಂತ ಅಂಗಡಿಯಲ್ಲಿ ನಾನು ಒಂದು ಪಾಠವನ್ನೂ ಮಾಡಿ ಬಂದೆ. ಹುಡುಗ ಉದ್ದ ಬ್ರಷ್ಷಿನಲ್ಲಿ ಕದಡಿದ. ಪಂಪು ರಾತ್ರಿಯಿಡೀ ಓಡಿತು.

ಬೆಳಿಗ್ಗೆ ನೋಡಿದರೆ ಅದೇ ಕೆಂಪು ದೀಪ. ಮೂರನೇ ಚೀಲ ಸುರಿದೆವು. ದೀಪ ಕದಲಲಿಲ್ಲ. ಅಷ್ಟರಲ್ಲಿ ಕೊಳದ ಮೂಲೆಯಲ್ಲಿ ಕೈಗೆ ಲೋಳೆ ಹತ್ತತೊಡಗಿತ್ತು, ನೀರಿಗೆ ತಿಳಿ ಹಸಿರು ಬಂದಿತ್ತು.

ಮಧ್ಯಾಹ್ನ ನನ್ನ ಹೆಂಡತಿ ಬಂದಳು. ಅವರೆಕಾಯಿ ಕಾಲ. ಜಗಲಿಯಲ್ಲಿ ಕೂತು ಅವರೆ ಹಿತುಕುತ್ತಾ ನನ್ನ ಪುರಾಣವನ್ನೆಲ್ಲ ಕೇಳಿದಳು. ಎದ್ದು ಹೋಗಿ ಕೊಳಕ್ಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. (ನೀವು ಯಾರೂ ಹಾಗೆ ಮಾಡಬೇಡಿ.) 'ಇದಕ್ಕೆ ಉಪ್ಪು ಕಮ್ಮಿ ಅಂದೋರು ಯಾರು? ತಿಳಿಸಾರಿಗೆ ಒಂದು ಚಿಟಿಕೆ ಕಮ್ಮಿ ಇದೆ ಅಷ್ಟೆ.'

ಆಗ ತಲೆಗೆ ಹೊಳೆಯಿತು. ಮಿಷನ್ನಿಗೆ ನಾಲಿಗೆ ಇಲ್ಲ. ತಗಡುಗಳ ನಡುವೆ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ನೋಡಿ ಉಪ್ಪು ಎಷ್ಟಿದೆ ಅಂತ ಊಹೆ ಮಾಡುತ್ತದೆ, ಅಷ್ಟೆ. ಕರೆಂಟ್ ಕಮ್ಮಿ ಹರಿದರೆ ಉಪ್ಪು ಕಮ್ಮಿ ಅಂತ ಬಾಯಿ ಬಡಿದುಕೊಳ್ಳುತ್ತದೆ. ಕರೆಂಟ್ ಕಮ್ಮಿ ಆಗೋದಕ್ಕೆ ಬೇರೆ ಕಾರಣವೂ ಇರಬಹುದು ಅಲ್ವಾ? ನೀರು ತಣ್ಣಗಾದರೆ ಒಂದೊಂದು ಡಿಗ್ರಿಗೂ ಸುಮಾರು ನೂರಕ್ಕೆ ಎರಡು ಪಾಲು ಕಮ್ಮಿಯಾಗುತ್ತದೆ. ಆವತ್ತು ಬೆಳಿಗ್ಗೆ ಕೊಳದ ನೀರು 16 ಡಿಗ್ರಿ ಇತ್ತು. ಆದರೆ ಚಳಿ ಒಂದರಿಂದಲೇ ಇಷ್ಟು ಆಗೋದಿಲ್ಲ.

'ಬಿಚ್ಚಿ ನೋಡಿದ್ರಾ?' ಅಂದಳು.

ಬಿಚ್ಚಿರಲಿಲ್ಲ. ಮೇನ್ ಆಫ್ ಮಾಡಿ, ಪಂಪ್ ನಿಲ್ಲಿಸಿ, ಎರಡೂ ಕಡೆಯ ಪೈಪ್ ಜೋಡಿಸುವ ಯೂನಿಯನ್ ತಿರುಗಿಸಿ ಸೆಲ್ ಹೊರಗೆ ತೆಗೆದೆ. ಒಳಗೆ ತಗಡುಗಳೇ ಕಾಣುತ್ತಿರಲಿಲ್ಲ. ಒಂದರ ಪಕ್ಕ ಒಂದು ಬೆಳ್ಳಗೆ ಹಕ್ಕಳೆ ಕಟ್ಟಿ, ಸಂದಿಯೆಲ್ಲ ಮುಚ್ಚಿ, ಜೇನುಹುಟ್ಟಿಗೆ ಸುಣ್ಣ ಬಳಿದ ಹಾಗಿತ್ತು. ಉಗುರಲ್ಲಿ ಒತ್ತಿದರೆ ಪುಡಿಯಾಗಿ ಉದುರಿತು. ಹೆಂಡತಿ ಇಣುಕಿ ನೋಡಿ, 'ಇದು ನಮ್ಮ ಹಂಡೆ ತಳ ಅಲ್ವಾ' ಅಂದಳು.

ಹೌದು, ಅದೇ. ನಮ್ಮ ಬೋರ್ ನೀರು ಕಾಯಿಸಿದ ಹಂಡೆ, ಗೀಸರಿನ ಕಾಯಿಲ್, ಎಲ್ಲದರಲ್ಲೂ ಕಟ್ಟುವ ಸುಣ್ಣ. ಹೈಡ್ರೋಜನ್ ಹುಟ್ಟುವ ತಗಡಿನ ಮೈಯಲ್ಲಿ ನೀರು ಕ್ಷಾರವಾಗುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಅಲ್ಲೇ ಸುಣ್ಣವಾಗಿ ಕೂರುತ್ತದೆ. ಮಿಷನ್ ಕೆಲವು ಗಂಟೆಗೊಮ್ಮೆ ಕರೆಂಟಿನ ದಿಕ್ಕು ಬದಲಿಸಿ ಅದನ್ನು ಉದುರಿಸಲು ನೋಡುತ್ತದೆ. ನಮ್ಮ ನೀರಿನ ಮುಂದೆ ಅದರ ಆಟ ನಡೆಯೋದಿಲ್ಲ. ನೀರು ಆರಿದ ಹಾಗೆಲ್ಲ ಬೋರಿನಿಂದ ತುಂಬಿಸುತ್ತಾರೆ. ನೀರು ಮತ್ತೆ ಆರುತ್ತದೆ, ಸುಣ್ಣ ಉಳಿಯುತ್ತದೆ. ಸಾಲದ್ದಕ್ಕೆ ಈ ಥರದ ಕೊಳದಲ್ಲಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ತಾನಾಗಿಯೇ ಏರುತ್ತಾ ಹೋಗುತ್ತದೆ. 7.2ರಿಂದ 7.6ರೊಳಗೆ ಇರಬೇಕಾದ್ದು ಆವತ್ತು ನೀರು ಪರೀಕ್ಷೆ ಮಾಡುವ ಕಿಟ್ಟಿನಲ್ಲಿ 8.2ರ ಬಣ್ಣ ತೋರಿಸಿತು. ಆಸಿಡ್ ಹಾಕಿ ಇಳಿಸೋದನ್ನು ಎಷ್ಟು ದಿನದಿಂದ ಬಿಟ್ಟಿದ್ದರೋ.

ಹುಡುಗ ಸ್ಕ್ರೂಡ್ರೈವರ್ ತಂದು ಕೆರೆಯೋಕೆ ಕೂತ. ಕೈ ಹಿಡಿದು ನಿಲ್ಲಿಸಿದೆ. ಆ ತಗಡಿನ ಮೇಲೆ ರುಥೇನಿಯಂ, ಇರಿಡಿಯಂನಂಥ ಲೋಹಗಳ ಆಕ್ಸೈಡಿನ ತೆಳು ಲೇಪ ಇರುತ್ತದೆ. ಅದು ಹೋದರೆ ಸೆಲ್ಲೇ ಹೋಯಿತು. ಇದಕ್ಕೆ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಹಾರ್ಡ್‌ವೇರ್ ಅಂಗಡಿಯದ್ದು ಒಂದು ಕ್ಯಾನ್ ಸ್ಟೋರಿನಲ್ಲೇ ಇತ್ತು. ಹುಡುಗ ಬಕೆಟ್ ತಂದ. ತಳದಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಮೂಸಿದರೆ ಬ್ಲೀಚಿಂಗ್ ಪೌಡರ್! ಅದಕ್ಕೆ ಆಸಿಡ್ ಬಿದ್ದಿದ್ದರೆ ಕ್ಲೋರಿನ್ ಗ್ಯಾಸು ನೇರ ನಮ್ಮ ಮೂಗಿಗೇ ಬರುತ್ತಿತ್ತು. ಹೊಸ ಬಕೆಟ್ ತರಿಸಿ, ಮೊದಲು ಹತ್ತು ಮಗ್ ನೀರು, ಆಮೇಲೆ ಒಂದು ಮಗ್ ಆಸಿಡ್. ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಇದೊಂದನ್ನು ಮಾತ್ರ ಮೂವತ್ತು ವರ್ಷದ ಅಭ್ಯಾಸ ಮರೆಯೋಕೆ ಬಿಟ್ಟಿರಲಿಲ್ಲ.

ಸೆಲ್ಲಿನ ಕೆಳಬಾಯಿಗೆ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಸುರಿದೆ. ಸುರ್ರ್ ಅಂತ ಸೋಡಾ ಬಾಟಲಿ ಬಿಚ್ಚಿದ ಹಾಗೆ ನೊರೆ ಎದ್ದು ಬಾಯಿ ತುಂಬಿ ಹೊರಗೆ ಇಳಿಯಿತು. ಹತ್ತು ನಿಮಿಷಕ್ಕೆ ಸದ್ದು ಸಣ್ಣದಾಯಿತು. ಚೆಲ್ಲಿ, ಇನ್ನೊಂದು ಸಲ ತುಂಬಿಸಿದೆ. ಆಮೇಲೆ ತೊಳೆದು ಬಿಸಿಲಿಗೆ ಹಿಡಿದರೆ ಬೂದು ಬಣ್ಣದ ತಗಡುಗಳು ಒಂದೊಂದಾಗಿ ಎಣಿಸೋ ಹಾಗೆ ಕಂಡವು. ಹುಡುಗನಿಗಿಂತ ನನಗೇ ಖುಷಿ ಜಾಸ್ತಿ.

ಖುಷಿ ಐದು ನಿಮಿಷ. ಜೋಡಿಸಿ ಸ್ವಿಚ್ ಹಾಕಿದರೆ ಈ ಸಲ ಬೇರೆ ದೀಪ ಹತ್ತಿತು: 'ಉಪ್ಪು ಜಾಸ್ತಿ.'

ಎಷ್ಟು ಜಾಸ್ತಿ ಅಂತ ಗೊತ್ತಾಗಬೇಕಲ್ಲ. ಊರಿನ ಆರ್‌ಓ ಪ್ಲಾಂಟಿನವನನ್ನು ಕರೆಸಿದೆ. ಫ್ಲೋರೈಡಿನ ದೆಸೆಯಿಂದ ನಮ್ಮ ಕಡೆ ಊರೂರಿಗೂ ಆರ್‌ಓ ಪ್ಲಾಂಟ್ ಇದೆ, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರಿಗೆ ಬರವಿಲ್ಲ. ಅವನು ಪೆನ್ನಿನಂಥ ಮೀಟರ್ ಅದ್ದಿ, '632. ಕುಡಿಯೋಕೂ ಆಗುತ್ತೆ ಸಾರ್' ಅಂದ. ಹೆಂಡತಿ ನನ್ನ ಮುಖ ನೋಡಿದಳು. ಮೀಟರ್ ಇಸಿದುಕೊಂಡು ಕನ್ನಡಕ ಏರಿಸಿ ನೋಡಿದೆ. ಮೂಲೆಯಲ್ಲಿ ಸಣ್ಣಗೆ 'ಗುಣಿಸು 10' ಮಿಣುಕುತ್ತಿತ್ತು. ಅಂದರೆ ಲೀಟರಿಗೆ 6320 ಮಿಲಿಗ್ರಾಂ! ಬೋರ್ ನೀರಿನ ಸ್ವಂತದ್ದೇ ಸುಮಾರು 850. ಅದನ್ನು ಕಳೆದರೆ ಲೀಟರಿಗೆ ಐದೂವರೆ ಗ್ರಾಂ ಉಪ್ಪು. ಮೊದಲೇ ಇದ್ದ ಮೂರು ಚಿಲ್ಲರೆಗೆ ನನ್ನ ಮೂರು ಚೀಲ ಸೇರಿಸಿದರೆ ಲೆಕ್ಕ ಸರಿಯಾಗಿ ತಾಳೆ.

ಹಾಕಿದ ಉಪ್ಪನ್ನು ತೆಗೆಯೋ ದಾರಿ ಒಂದೇ. ನೀರು ಹೊರಗೆ ಹಾಕಿ ಬೇರೆ ನೀರು ತುಂಬಬೇಕು. ಮೂರನೇ ಒಂದು ಪಾಲು ಅಂದರೂ 22 ಸಾವಿರ ಲೀಟರ್. ಎಲ್ಲಿಗೆ ಬಿಡೋದು? ದ್ರಾಕ್ಷಿಗೆ ಬಿಟ್ಟರೆ ಬಳ್ಳಿ ಸುಟ್ಟುಹೋಗುತ್ತದೆ. ಪಕ್ಕದವರ ಹೊಲಕ್ಕೆ ಹರಿದರೆ ಜಗಳ. ಕೊನೆಗೆ ದಾರಿ ತೋರಿಸಿದ್ದು ನೀರಿನ ಟ್ಯಾಂಕರಿನವನು. ಅವನ ಇನ್ನೊಂದು ಹಳೇ ಟ್ಯಾಂಕರ್ ಕ್ರಷರ್ ರಸ್ತೆಗೆ ನೀರು ಹೊಡೆಯುತ್ತದೆ. 'ಕೊಡಿ ಸಾರ್, ಉಪ್ಪುನೀರಾದ್ರೆ ಧೂಳು ಇನ್ನೂ ಚೆನ್ನಾಗಿ ಕೂರುತ್ತೆ.' ನಾಲ್ಕು ಲೋಡು ಉಪ್ಪುನೀರು ಹೋಯಿತು, ನಾಲ್ಕು ಲೋಡು ಸಿಹಿನೀರು ಬಂತು. ದುಡ್ಡು ಕೊಟ್ಟಿದ್ದು ನನ್ನ ಪೆನ್ಷನ್ನಿನಿಂದ. ಬಾಮೈದನಿಗೆ ಇವತ್ತಿಗೂ ಹೇಳಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹಸಿರು ದೀಪ ಬಂತು. ಪಿಎಚ್ ಇಳಿಸಿ, ಪಾಚಿಗೆ ಒಂದು ಸಲ ಕೈಯಾರೆ ಕ್ಲೋರಿನ್ ಹಾಕಿದ್ದಾಯಿತು. ಶನಿವಾರ ಬಂದ ಗೆಸ್ಟ್‌ಗಳು ನೀರಿಗೆ ಕಾಲಿಟ್ಟು, ಅಯ್ಯೋ ಚಳಿ ಅಂತ ಕಿರುಚಿ, ಮೇಲೆ ಬಂದು ಹಿತಕಿದಬೇಳೆ ಸಾರು ಊಟ ಮಾಡಿದರು. ಯಾರೂ ಮತ್ತೆ ಕೊಳಕ್ಕೆ ಇಳಿಯಲಿಲ್ಲ.

ಭಾನುವಾರ ಸ್ಕೂಟರಿನಲ್ಲಿ ಊರಿಗೆ ಹೊರಟೆವು. ಕ್ರಷರ್ ರಸ್ತೆ ತಿರುವಿನಲ್ಲಿ ಹೆಂಡತಿ ಬೆನ್ನು ತಟ್ಟಿ ನಿಲ್ಲಿಸಿದಳು. ಬಿಸಿಲಿಗೆ ಆರಿದ ರಸ್ತೆ ಅಂಚಿನ ಕಲ್ಲುಗಳ ಮೇಲೆ ತೆಳ್ಳಗೆ ಬಿಳಿ ಪೊರೆ ಕೂತಿತ್ತು. ಏಳೆಂಟು ಮೇಕೆ ಸಾಲಾಗಿ ನಿಂತು ಆ ಕಲ್ಲುಗಳನ್ನು ನೆಕ್ಕುತ್ತಿದ್ದವು. ಕಾಯುವ ಮುದುಕ ಎಷ್ಟು ಗದರಿಸಿದರೂ ಒಂದೂ ಕದಲುತ್ತಿರಲಿಲ್ಲ.