ಹೆಸರಿನಲ್ಲೇ ಅಡಗಿದ ಮೇಳಸಂಖ್ಯೆ

ಸೀನಿಯರ್ ಸಂಗೀತ ಪರೀಕ್ಷೆ ಹತ್ತಿರವಾಯಿತೆಂದರೆ ಹನುಮಂತನಗರದ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳು ಕರ್ನಾಟಕ ಸಂಗೀತದಲ್ಲಿ ಉಳಿದ ರಾಗಗಳಿಗೆ ಮೂಲವಾದ 72 ಮೇಳಕರ್ತ ರಾಗಗಳನ್ನು ಕ್ರಮಸಂಖ್ಯೆ ಸಮೇತ ಮಗ್ಗಿಯಂತೆ ಉರು ಹೊಡೆಯಲು ಕೂರುತ್ತಾರೆ. ನಾನು ಬಿಡುವುದಿಲ್ಲ. ಹಿರಿಯರು ಸಂಖ್ಯೆಯನ್ನು ಹೆಸರಿನಲ್ಲೇ ಹುದುಗಿಸಿಟ್ಟಿರುವಾಗ ಆ ಪಾಡೇಕೆ?

ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಲೆಕ್ಕ ಕಲಿಯಲು ಒಂದು ಸಂಜೆ ಸಾಕು. ಕ, ಟ, ಪ, ಯ ನಾಲ್ಕಕ್ಕೂ ಒಂದು. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲೇ ಎಣಿಸುತ್ತ ಹೋಗಬೇಕು. ಞ, ನ ಸೊನ್ನೆ. ರಾಗದ ಮೊದಲೆರಡು ಅಕ್ಷರಗಳ ಅಂಕಿಗಳನ್ನು ಹಿಂದುಮುಂದು ಮಾಡಿದರೆ ಮೇಳಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮಾ ಐದು, ಯಾ ಒಂದು: 15. ಶಂಕರಾಭರಣಕ್ಕೆ ‘ಧೀರ’, ಕಲ್ಯಾಣಿಗೆ ‘ಮೇಚ’, ತೋಡಿಗೆ ‘ಹನುಮ’ ಸೇರಿಕೊಂಡದ್ದು ಈ ಲೆಕ್ಕಕ್ಕಾಗಿಯೇ: 29, 65, 8.

ಒತ್ತಕ್ಷರ ಬಂದಾಗ ಎಚ್ಚರ ಬೇಕು. ಧರ್ಮವತಿಯ ‘ರ್ಮ’ದಲ್ಲಿ ಮಕಾರ ಎಣಿಕೆಗೆ ಬರುತ್ತದೆ, 59. ಚಕ್ರವಾಕದ ‘ಕ್ರ’ದಲ್ಲಿ ಕಕಾರವನ್ನೇ ಹಿಡಿಯಬೇಕು, 16. ರಕಾರ ಹಿಡಿದರೆ 26 ಆಗಿ ಚಾರುಕೇಶಿಯ ಮನೆ ಸೇರುತ್ತೇವೆ.

ನನಗೆ ಇದಕ್ಕಿಂತಲೂ ಪ್ರಿಯವಾದವು ಚಕ್ರಗಳ, ಅಂದರೆ ಮೇಳಗಳ ಹನ್ನೆರಡು ಗುಂಪುಗಳ, ಹೆಸರುಗಳು. ಚಂದ್ರ ಒಬ್ಬನೇ, ಆದ್ದರಿಂದ ಮೊದಲನೆಯದು ಇಂದು. ಕಣ್ಣು ಎರಡು, ನೇತ್ರ. ಆಮೇಲೆ ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಒಂದೊಂದರಲ್ಲಿ ಆರು ಮೇಳ. ಚಕ್ರ ಗೊತ್ತಾದರೆ ರಾಗದ ರಿಷಭ, ಗಾಂಧಾರ ಸ್ವರಗಳು ಯಾವ ಬಗೆಯವೆಂದು ಗೊತ್ತಾದಂತೆ. ಅದರೊಳಗಿನ ಸ್ಥಾನ ಧೈವತ, ನಿಷಾದಗಳನ್ನು ಹೇಳುತ್ತದೆ. ಸಂಖ್ಯೆ 36 ದಾಟಿದರೆ ಮಧ್ಯಮ ಸ್ವರ ಪ್ರತಿ ಮಧ್ಯಮ. ನೆನಪಿಡಲು ಮಾಡಿದ ಉಪಾಯವೇ ಶಾಸ್ತ್ರವನ್ನೂ ಕಲಿಸುವುದು ಎಷ್ಟು ಸೊಗಸು!

ಕಳೆದ ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಕಛೇರಿಗೆ ಒಬ್ಬ ಶಿಷ್ಯೆಯನ್ನು ಕರೆದುಕೊಂಡು ಹೋಗಿದ್ದೆ. ಷಣ್ಮುಖಪ್ರಿಯದ ಆಲಾಪನೆ ಆರಂಭವಾಯಿತು. ನಾನು ರಾಗದ ಹೆಸರು ಹೇಳಿದ್ದಷ್ಟೇ, ಹುಡುಗಿಯ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. “ಮಿಸ್, ಷ ಆರು, ಮು ಐದು, 56. ಮೂವತ್ತಾರು ದಾಟಿತು, ಪ್ರತಿ ಮಧ್ಯಮ. ದಿಶಿಯಲ್ಲಿ ಎರಡನೆಯದು.” ಆಮೇಲೆ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ ಎಂದು ಒಂದೊಂದಾಗಿ ಒಪ್ಪಿಸಿದಳು. ಆ ರಾಗದ ಪಾಠ ಅವಳಿಗೆ ಇನ್ನೂ ಆಗಿರಲಿಲ್ಲ. ಗಾಯಕರು ಪ್ರತಿ ಮಧ್ಯಮದ ಮೇಲೆ ನಿಂತಾಗಲೆಲ್ಲ ನನ್ನ ಮೊಣಕೈ ತಿವಿಯುತ್ತಿದ್ದಳು.

ಈ ವಾರ ಎಲ್ಲರಿಗೂ ಸಿಂಹೇಂದ್ರಮಧ್ಯಮ ಕೊಟ್ಟಿದ್ದೇನೆ. ಅಲ್ಲಿನ ಅನುಸ್ವಾರವನ್ನು ಮಕಾರವೆಂದು ಓದಿಕೊಂಡರೆ 57 ತಾನಾಗಿಯೇ ಬರುತ್ತದೆ. ಸ್ವರಗಳನ್ನು ಅವರೇ ಹುಡುಕಿಕೊಂಡು ಬರಲಿ.