ಮಿಸಿಸಿಪ್ಪಿಯನ್ನು ನಡೆದೇ ದಾಟಿದೆ

ನಿನ್ನೆ ಅಮೆರಿಕದ ಮಿನ್ನೆಸೋಟದ ಇಟಾಸ್ಕಾ ಸ್ಟೇಟ್ ಪಾರ್ಕ್‌ಗೆ ಹೋಗಿದ್ದೆವು. ಸರೋವರದಿಂದ ಮಿಸಿಸಿಪ್ಪಿ ಹೊರಡುವ ಜಾಗದಲ್ಲಿ ಕಲ್ಲುಗಳ ಸಾಲಿದೆ, ಪ್ಯಾಂಟ್ ಮಡಚಿ ನಾಲ್ಕು ಹೆಜ್ಜೆ ಇಟ್ಟರೆ ಅಷ್ಟು ದೊಡ್ಡ ನದಿ ದಾಟಿದ ಹಾಗೇ! ತಲಕಾವೇರಿ ನೆನಪಾಯಿತು. ಇಲ್ಲಿ ಪೂಜೆ, ತೀರ್ಥ ಏನೂ ಇಲ್ಲ, ಜಾರಿ ಬಿದ್ದು ನಗುವ ಮಕ್ಕಳಷ್ಟೇ (ಜಾರಿದವರಲ್ಲಿ ನಾನೂ ಒಬ್ಬಳು). 1832ರಲ್ಲಿ ಸ್ಕೂಲ್‌ಕ್ರಾಫ್ಟ್ ಅನ್ನೋ ಅನ್ವೇಷಕ ಈ ನದಿಮೂಲ ‘ಕಂಡುಹಿಡಿದ’ ಅಂತಾರೆ, ಆದರೆ ಅವನಿಗೆ ದಾರಿ ತೋರಿಸಿದ್ದು ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಓಜಾವಿಂಡಿಬ್. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ? ಆಮೇಲೆ ಪೈನ್ ಮರಗಳ ನಡುವೆ ಸುಮ್ನೆ ನಡೆದೆವು. ಈ ಕಾಡಿಗಾಗಿ 1903ರಲ್ಲಿ ಮರದ ವ್ಯಾಪಾರಿಗಳ ಎದುರು ನಿಂತ, ಆಗಿನ ಪಾರ್ಕ್ ಕಮಿಷನರ್ ಮೇರಿ ಗಿಬ್ಸ್‌ಗೆ ಆಗ ಬರೀ 24 ವರ್ಷ. ಆ ವಯಸ್ಸಿನಲ್ಲಿ ನಾನು ಮನೆ ಓನರ್ ಎದುರು ಮಾತಾಡೋಕೂ ಹೆದರುತ್ತಿದ್ದೆ. ಸೊಳ್ಳೆ ಮಾತ್ರ ವಿಪರೀತ ಮಾರಾಯ್ರೇ.