ಚಾರ್ಟಿನಲ್ಲಿ ಖಾಲಿ ಬಿಟ್ಟ ಸಾಲುಗಳು

ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಾನು ಸಪೋರ್ಟ್ ವರ್ಕರ್. ಬೌದ್ಧಿಕ ಅಂಗವಿಕಲತೆ ಇರುವ ಮೂವರು ದೊಡ್ಡವರು ವಾಸವಾಗಿರುವ ಮನೆಯಲ್ಲಿ ನನ್ನ ಕೆಲಸ. ಇಂಥ ಏರ್ಪಾಡನ್ನು ಇಲ್ಲಿ ಸಪೋರ್ಟೆಡ್ ಲಿವಿಂಗ್ ಅನ್ನುತ್ತಾರೆ. ಬಾಡಿಗೆ ಕರಾರು ಅವರ ಹೆಸರಿನಲ್ಲೇ ಇರುತ್ತದೆ. ಆರೈಕೆಯ ಒಪ್ಪಂದ ಬೇರೆ. ಆರೈಕೆ ಸರಿಯಿಲ್ಲ ಅಂತಾದರೆ ಸಂಸ್ಥೆಯನ್ನು ಬದಲಾಯಿಸಬಹುದು, ಮನೆ ಬಿಡಬೇಕಾಗಿಲ್ಲ. ನಾವು ಅವರ ಮನೆಗೆ ಕೆಲಸಕ್ಕೆ ಬಂದವರು. ಅವರ ಕೋಣೆಯೊಳಗೆ ಹೋಗಬೇಕಾದರೆ ಬಾಗಿಲು ತಟ್ಟಿ ಕಾಯಬೇಕು.

ಹಾಸನದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಪಾಪ, ಅವರಿಗೆ ಮನೆಯವರು ಅಂತ ಯಾರೂ ಇಲ್ವೇನೆ?" ಇದ್ದಾರೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ಕೆಲವರ ಅಪ್ಪ ಅಮ್ಮ ತೀರಿಹೋದರು. ನಮ್ಮ ಕಡೆ ಇಂಥ ಮಗ ಇರುವ ಮನೆಗೆ ಹೋದರೆ ತಾಯಿ ಕೊನೆಗೆ ಕೇಳುವುದೂ ಅದನ್ನೇ ಅಲ್ವಾ? ನಾನು ಹೋದಮೇಲೆ ಇವನನ್ನ ಯಾರು ನೋಡ್ಕೋತಾರೆ ಅಂತ.

ಆ ಮೂವರಲ್ಲಿ ಒಬ್ಬರ ವಿಷಯ ಹೇಳಬೇಕು. ಹೆಸರು ಬೇಡ. ವಯಸ್ಸು ಐವತ್ತು ದಾಟಿದೆ. ಅವರು ಹುಡುಗರಾಗಿದ್ದಾಗ ಇಂಥ ಮಕ್ಕಳನ್ನು ಊರಾಚೆಯ ದೊಡ್ಡ ಆಸ್ಪತ್ರೆಗಳಲ್ಲಿ ಬಿಟ್ಟುಬಿಡುತ್ತಿದ್ದರು. ಇವರೂ ಅಲ್ಲೇ ಬೆಳೆದವರು. 1980ರ ದಶಕದಿಂದೀಚೆಗೆ ಆ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ಇವರಿಗೆ ಮಾತು ತುಂಬಾ ಕಡಿಮೆ. ಮ್ಯಾಕಟನ್ ಅನ್ನುವ ಕೈಸನ್ನೆಗಳಲ್ಲಿ ಕೆಲವನ್ನು ಬಳಸುತ್ತಾರೆ, ಉಳಿದದ್ದು ಅವರದೇ ಸನ್ನೆ. ಟೀ ಬೇಕಾದರೆ ಮಗ್ಗನ್ನು ನಮ್ಮ ಕಡೆ ತಳ್ಳುತ್ತಾರೆ. ಬೇಡವಾದರೆ ಮಗುಚಿ ಇಡುತ್ತಾರೆ. ಯಾವ ಮಗ್ ಅನ್ನೋದನ್ನು ಅವರೇ ಆರಿಸಬೇಕು. ಅದಕ್ಕೆ ಐದು ನಿಮಿಷ ಬೇಕಾದರೆ ಐದು ನಿಮಿಷ ನಿಲ್ಲಬೇಕು. ಅವಸರ ಮಾಡಿ ನಾವೇ ಒಂದನ್ನು ಎತ್ತಿಕೊಟ್ಟರೆ ಆ ಬೆಳಗ್ಗೆ ಪೂರ್ತಿ ಕೆಟ್ಟಿತು ಅಂತಲೇ ಲೆಕ್ಕ.

ಅದೊಂದು ಸೋಮವಾರ. ಎರಡು ವಾರ ರಜೆಯ ಮೇಲೆ ಊರಿಗೆ ಹೋಗಿದ್ದವಳು ಅವತ್ತು ಬೆಳಗ್ಗೆ ಡ್ಯೂಟಿಗೆ ಬಂದೆ. ಅಡುಗೆಮನೆಯಲ್ಲಿ ಮಗ್ ಮಗುಚಿತ್ತು. ಅವರು ಸಿಂಕ್ ಪಕ್ಕದ ಕಟ್ಟೆಯ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಂತಿದ್ದರು. ಹೆಬ್ಬೆರಳು ಮುಷ್ಟಿಯೊಳಗೆ ಸೇರಿತ್ತು. ರಾತ್ರಿಪಾಳಿಗೆ ಏಜೆನ್ಸಿಯಿಂದ ಬಂದಿದ್ದ ಹುಡುಗ ಬ್ಯಾಗ್ ಹೆಗಲಿಗೇರಿಸಿಕೊಂಡು, "ರಾತ್ರಿಯೆಲ್ಲ ತುಂಬಾ ಗಲಾಟೆ" ಅಂದ. ಲಾಗ್ ಪುಸ್ತಕ ತೆಗೆದು ನೋಡಿದೆ. ಊಟ ನಿರಾಕರಿಸಿದರು. ಕಟ್ಟೆಗೆ ಒರಗಿ ನಿಂತರು, ಸರಿಯಲು ಹೇಳಿದಾಗ ಕೂಗಿದರು. ತಲೆಗೆ ಹೊಡೆದುಕೊಂಡರು. ಲೊರಾಜೆಪಾಮ್ (ಮಂಪರು ಬರಿಸುವ ಮಾತ್ರೆ) ಕೊಡಲಾಯಿತು. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೊಟ್ಟೆನೋವು ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಮಲವಿಸರ್ಜನೆಯ ಚಾರ್ಟ್ ತೆಗೆದೆ. ಹೌದು, ಅದಕ್ಕೂ ಒಂದು ಚಾರ್ಟ್ ಇದೆ, ಇರಲೇಬೇಕು. ಕೊನೆಯ ಐದು ಸಾಲು ಖಾಲಿ. ಅವರು ಹೋಗಿಲ್ಲವೋ, ಇವರು ಬರೆದಿಲ್ಲವೋ ಗೊತ್ತಾಗುವಂತಿರಲಿಲ್ಲ. ಆ ದಿನಗಳಲ್ಲಿ ಪಾಳಿಗೊಬ್ಬರು ಹೊಸಬರು ಬಂದಿದ್ದರು. ಪ್ರತಿಯೊಬ್ಬರೂ ಹಿಂದಿನವರು ನೋಡಿರುತ್ತಾರೆ ಅಂದುಕೊಂಡಿರಬೇಕು.

ಮಲಬದ್ಧತೆ ಅಂದರೆ ನಮಗೆ ಬಾಳೆಹಣ್ಣು ತಿಂದರೆ ಹೋಗುವ ತೊಂದರೆ. ಇವರಂಥವರಿಗೆ ಹಾಗಲ್ಲ. ಓಡಾಟ ಕಡಿಮೆ, ನೀರು ಕುಡಿಯುವುದು ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡ ಮಾನಸಿಕ ಕಾಯಿಲೆಯ ಮಾತ್ರೆಗಳು ಕರುಳನ್ನು ನಿಧಾನ ಮಾಡುತ್ತವೆ. ನೋವು ಅಂತ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಈ ಒಂದು ಕಾರಣಕ್ಕೆ ಈ ದೇಶದಲ್ಲಿ ಜನ ಸತ್ತಿದ್ದಾರೆ. ಬೌದ್ಧಿಕ ಅಂಗವಿಕಲತೆ ಇರುವವರು ಇಲ್ಲಿ ಉಳಿದವರಿಗಿಂತ ಸುಮಾರು 20 ವರ್ಷ ಮುಂಚೆ ಸಾಯುತ್ತಾರೆ. ಆ ಸಾವುಗಳಲ್ಲಿ ಎಷ್ಟೋ ತಪ್ಪಿಸಬಹುದಾದವು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ರೋಗಿಯ ಜೊತೆಗೇ ಮಾತಾಡಬೇಕು ಅಂದರು ರಿಸೆಪ್ಷನಿಸ್ಟ್. ಇವರಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ ಅಂತ ವಿವರಿಸಿ, ಹಟ ಹಿಡಿದು, ಮಧ್ಯಾಹ್ನಕ್ಕೆ ಸಮಯ ತೆಗೆದುಕೊಂಡೆ. ಹೊರಡುವ ಮುಂಚೆ ಹಾಸ್ಪಿಟಲ್ ಪಾಸ್‌ಪೋರ್ಟ್ ಎತ್ತಿಟ್ಟುಕೊಂಡೆ. ಅವರಿಗೆ ನೋವಾದರೆ ಹೇಗೆ ಗೊತ್ತಾಗುತ್ತದೆ, ಏನು ಮಾಡಿದರೆ ಹೆದರುತ್ತಾರೆ ಅಂತೆಲ್ಲ ಬರೆದಿರುವ ಕೆಲವು ಹಾಳೆ ಅದು. "ನೋವಾದರೆ ಹೆಬ್ಬೆರಳು ಮಡಚುತ್ತಾರೆ" ಅಂತ ಅದರಲ್ಲಿ ಬರೆಸಿದ್ದು ಅವರ ಅಕ್ಕ.

ಡಾಕ್ಟರ್ ಒಳ್ಳೆಯವರೇ. ಆದರೆ ಅವರು ಮೊದಲು ಕೇಳಿದ್ದು, "ಇವರು ಯಾವಾಗಲೂ ಹೀಗೇನಾ?" ಅಂತ. ಅದೂ ನನ್ನ ಮುಖ ನೋಡಿಕೊಂಡು. ಇಲ್ಲ, ಇವರು ಟೀ ಬೇಡ ಅನ್ನುವವರೇ ಅಲ್ಲ ಅಂದೆ. ಪಾಸ್‌ಪೋರ್ಟಿನ ಆ ಸಾಲು ತೋರಿಸಿದೆ. ದಯವಿಟ್ಟು ಅವರಿಗೇ ಹೇಳಿ ಅಂತ ಕೇಳಿಕೊಂಡೆ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆ ಹೇಳುವುದೂ ಅದನ್ನೇ. ಅರ್ಥವಾಗುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಕೂಡದು, ಅರ್ಥ ಮಾಡಿಸಲು ಆಗುವ ಪ್ರಯತ್ನವನ್ನೆಲ್ಲ ಮಾಡಬೇಕು. ಡಾಕ್ಟರ್ ಕುರ್ಚಿ ತಿರುಗಿಸಿಕೊಂಡರು. ಹೊಟ್ಟೆಯ ಚಿತ್ರ ತೋರಿಸಿ, ತಮ್ಮ ಹೊಟ್ಟೆ ಮುಟ್ಟಿಕೊಂಡು, ನಾನು ನೋಡಲಾ ಅಂತ ಸನ್ನೆ ಮಾಡಿದರು. ನಾವಿಬ್ಬರೂ ಸುಮ್ನೆ ಕಾದೆವು. ಸ್ವಲ್ಪ ಹೊತ್ತಿಗೆ ಅವರು ತಾವೇ ಡಾಕ್ಟರ ಕೈ ಹಿಡಿದು ತಮ್ಮ ಹೊಟ್ಟೆಯ ಎಡಗಡೆ ಇಟ್ಟುಕೊಂಡರು.

ಹೊಟ್ಟೆ ಕಲ್ಲಾಗಿತ್ತು. ಮಲ ಸಡಿಲ ಮಾಡುವ ಮ್ಯಾಕ್ರೊಗಾಲ್ ಪುಡಿ ಬರೆದುಕೊಟ್ಟರು. ವಾಂತಿಯಾದರೆ ತಡಮಾಡದೆ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ ಅಂದರು. ಅದೇನೂ ಆಗಲಿಲ್ಲ. ಬುಧವಾರ ಮಗ್ ನನ್ನ ಕಡೆ ಬಂತು.

ಆ ರಾತ್ರಿಪಾಳಿಯ ಹುಡುಗನನ್ನು ನಾನು ಬೈಯುವುದಿಲ್ಲ. ಮುಂಚೆ ಎಂದೂ ನೋಡಿರದ ಮನುಷ್ಯನ ಮನೆಗೆ ಅವನನ್ನು ಕಳಿಸಿ, ದಪ್ಪ ಫೈಲ್ ಕೈಗಿಟ್ಟು, ಓದಿಕೋ ಅಂದಿದ್ದರು. 2022ರಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ತೆರೆದಾಗ ನಮ್ಮ ದೇಶದಿಂದಲೂ ತುಂಬಾ ಜನ ಬಂದರು. 2025ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿದರು. ಸಂಬಳ ಕಡಿಮೆ, ಹಾಗಾಗಿ ಬಂದವರೂ ಜಾಸ್ತಿ ದಿನ ನಿಲ್ಲುವುದಿಲ್ಲ. ಖಾಲಿಯಾದ ಪಾಳಿಗೆ ಏಜೆನ್ಸಿಯಿಂದ ಯಾರೋ ಒಬ್ಬರು ಬರುತ್ತಾರೆ.

ಇಲ್ಲಿ ಆರೈಕೆಯ ಗುಣಮಟ್ಟ ನೋಡಲು ಸಿಕ್ಯೂಸಿ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಅದು ಬೇಕು. 2011ರಲ್ಲಿ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಇಂಥವರಿಗೇ ಹೊಡೆದು ಹಿಂಸೆ ಕೊಡುತ್ತಿದ್ದುದನ್ನು ಬಿಬಿಸಿ ಬಯಲಿಗೆ ತಂದಿತ್ತು, ಅದನ್ನು ಮರೆಯಲಾಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ. ತರಬೇತಿಯ ಸರ್ಟಿಫಿಕೇಟುಗಳೆಲ್ಲ ಫೈಲಿನಲ್ಲಿದ್ದವು. ಮಾತ್ರೆಯ ಚಾರ್ಟಿಗೆ ಸಹಿ ಬಿದ್ದಿತ್ತು. ಅಷ್ಟಾದರೂ ಒಬ್ಬ ಮನುಷ್ಯ ಹೊಟ್ಟೆನೋವಿನಲ್ಲಿ ರಾತ್ರಿಯಿಡೀ ನಿಂತಿದ್ದರು, ಮನೆಯಲ್ಲಿದ್ದವರು ಅವರಿಗೆ ಮಂಪರು ಬರಿಸಿದರು. ಮನೆ ನೋಡಲು ಬರುವ ಕುಟುಂಬದವರಿಗೆ ನಾನು ಹೇಳುವುದಿಷ್ಟು. ಗೋಡೆಯ ಬಣ್ಣ ಆಮೇಲೆ ನೋಡಿ, ರೋಟಾ, ಅಂದರೆ ಯಾವ ಪಾಳಿಗೆ ಯಾರು ಅನ್ನುವ ಪಟ್ಟಿ, ತೋರಿಸಿ ಅಂತ ಮೊದಲು ಕೇಳಿ. ಕಳೆದ ತಿಂಗಳು ರಾತ್ರಿಪಾಳಿಗೆ ಎಷ್ಟು ಬೇರೆ ಬೇರೆ ಹೆಸರು ಬಂದಿವೆ ಅಂತ ಎಣಿಸಿ.

ಮುಂದಿನ ವಾರ ಮೀಟಿಂಗ್ ಆಯಿತು. ಅಕ್ಕ ಬಂದಿದ್ದರು, ಅವರೂ ಪಕ್ಕದಲ್ಲೇ ಕೂತಿದ್ದರು. ಎರಡು ದಿನ ಚಾರ್ಟ್ ಖಾಲಿಯಿದ್ದರೆ ಮೂರನೆಯ ದಿನ ಮ್ಯಾನೇಜರಿಗೆ ಫೋನ್ ಮಾಡಲೇಬೇಕು ಅಂತ ಬರೆದುಕೊಂಡೆವು. ಲೊರಾಜೆಪಾಮ್ ಕೊಡುವ ಮುಂಚೆ ಹೊಟ್ಟೆ, ಹಲ್ಲು, ಕಿವಿ ನೋಡಿದ್ದೀರಾ ಅನ್ನುವ ಪ್ರಶ್ನೆ ಮಾತ್ರೆಯ ಡಬ್ಬಿಯ ಮೇಲೇ ಅಂಟಿತು. ವಾರದ ದಿನಗಳ ರಾತ್ರಿಗೆ ಪರಿಚಯದ ಇಬ್ಬರೇ ಬರುವ ಹಾಗಾಯಿತು. ಶನಿವಾರ, ಭಾನುವಾರ ಈಗಲೂ ಏಜೆನ್ಸಿಯವರೇ. ಅದು ಬದಲಾಗುವವರೆಗೆ ಪ್ರತಿ ಶುಕ್ರವಾರ ಫೋನ್ ಮಾಡಿ ಯಾರು ಬರ್ತಾರೆ ಅಂತ ಕೇಳ್ತೀನಿ ಅಂತ ಅಕ್ಕ ಮ್ಯಾನೇಜರಿಗೆ ಹೇಳಿದರು. ಹೇಳಿದ ಹಾಗೆ ಕೇಳುತ್ತಲೂ ಇದ್ದಾರೆ.